ಎಶು ದೇವರಾ, ಸೈತಾನನಾ?

ಪ್ರಶ್ನೆ: ನೈಜೀರಿಯಾದ ಸಿನಿಮಾಗಳಲ್ಲಿ ‘ಎಶು’ ಅಂದಾಗ ಸಬ್‌ಟೈಟಲ್‌ನಲ್ಲಿ ‘ಡೆವಿಲ್’ ಅಂತ ಬರುತ್ತದೆ. ಅಲ್ಲಿನವರ ಹಳೇ ಧರ್ಮದಲ್ಲಿ ಸೈತಾನನ ಪೂಜೆ ಇದೆಯಾ?

ಇಲ್ಲ. ಇದು ಸುಮಾರು 180 ವರ್ಷ ಹಳೆಯ ಅನುವಾದದ ಎಡವಟ್ಟು.

ನೈಋತ್ಯ ನೈಜೀರಿಯಾದ ಯೊರುಬಾ ಜನರಿಗೆ ಎಲ್ಲರಿಗಿಂತ ಮೇಲಿನ ದೇವರು ಒಲೊದುಮರೆ. ಅವನ ಕೆಳಗೆ ಒರಿಷಾ ಎಂಬ ದೇವತೆಗಳ ದೊಡ್ಡ ಬಳಗ. ಎಶು ಅವರಲ್ಲೊಬ್ಬ. ಕೂಡುರಸ್ತೆ, ಸಂತೆ, ಹೊಸ್ತಿಲು ಅವನ ಜಾಗ. ಯಾವ ದೇವತೆಗೆ ಎಡೆ ಇಟ್ಟರೂ ಹೊತ್ತು ಮುಟ್ಟಿಸುವವನು ಇವನೇ. ಅದಕ್ಕೇ ಮೊದಲ ಪಾಲು ಇವನಿಗೆ. ಇಫಾ ಎಂಬ ಯೊರುಬಾ ಪದ್ಧತಿಯಲ್ಲಿ ಕಣಿ ಹೇಳುವ ಮರದ ಹಲಗೆಯ ಅಂಚಿನಲ್ಲಿ ಕೆತ್ತಿರುವ ಮುಖವೂ ಇವನದೇ.

ಕಿತಾಪತಿಯಲ್ಲೂ ಎತ್ತಿದ ಕೈ. ಅಕ್ಕಪಕ್ಕದ ಹೊಲದ ಇಬ್ಬರು ಗೆಳೆಯರ ನಡುವಿನ ಬದುವಿನ ಮೇಲೆ ಎಶು ಟೋಪಿ ಹಾಕಿಕೊಂಡು ನಡೆದನಂತೆ. ಟೋಪಿಯ ಒಂದು ಬದಿ ಕೆಂಪು, ಇನ್ನೊಂದು ಕಪ್ಪು. ‘ಕೆಂಪು ಟೋಪಿಯವ ಹೋದ’ ಎಂದ ಒಬ್ಬ. ‘ಕಪ್ಪು’ ಎಂದ ಇನ್ನೊಬ್ಬ. ಮಾತು ಬೆಳೆದು ಕೈಕೈ ಮಿಲಾಯಿಸಿದರು. ಇಬ್ಬರೂ ಕಂಡದ್ದು ನಿಜವೇ ಅಲ್ವಾ? ಇಂಥವನು ತಂಟೆಕೋರ ಇರಬಹುದು. ಆದರೆ ದೇವರ ಶತ್ರು ಅಲ್ಲ. ಯೊರುಬಾ ನಂಬಿಕೆಯಲ್ಲಿ ದೇವರಿಗೆ ಅಂಥ ಶತ್ರುವೇ ಇಲ್ಲ.

ಯೊರುಬಾ ಭಾಷೆಗೆ ಅನುವಾದಿಸುವಾಗ ಬೈಬಲ್‌ಗೆ ಮಾತ್ರ ಒಬ್ಬ ಸೈತಾನ ಬೇಕಿತ್ತು. ಆ ಕೆಲಸಕ್ಕೆ ಸಿಕ್ಕಿದವನು ಎಶು. ಹಾಗೆ ಮಾಡಿದವರು ಬರೀ ಬಿಳಿಯರು ಅಂದುಕೊಳ್ಳಬೇಡಿ. ಅದರಲ್ಲಿ ಮುಖ್ಯರಾದವರು ಸ್ಯಾಮ್ಯುಯೆಲ್ ಅಜಾಯಿ ಕ್ರೌದರ್, ಸ್ವತಃ ಯೊರುಬಾ. 1821ರಲ್ಲಿ, ಇನ್ನೂ ಹುಡುಗನಾಗಿದ್ದಾಗ, ಸೆರೆ ಸಿಕ್ಕಿ ಗುಲಾಮನಾಗಿ ಮಾರಾಟವಾದರು. ಮರುವರ್ಷ ಬ್ರಿಟಿಷ್ ನೌಕಾಪಡೆ ಆ ಹಡಗನ್ನು ತಡೆದು ಅವರನ್ನು ಸಿಯೆರಾ ಲಿಯೋನ್‌ನಲ್ಲಿ ಇಳಿಸಿತು. ಅಲ್ಲೇ ಕ್ರೈಸ್ತರಾದರು. 1843ರಲ್ಲಿ ಯೊರುಬಾ ಪದಕೋಶ ತಂದರು. 1864ರಲ್ಲಿ ಬಿಷಪ್ ಆದರು. ತನ್ನ ಭಾಷೆಯನ್ನು ಬರಹಕ್ಕೆ ತಂದ ಮನುಷ್ಯನ ಕೈಯಲ್ಲೇ ಆ ಭಾಷೆಯ ಒಬ್ಬ ದೇವರ ಹೆಸರು ಕೆಟ್ಟಿತು. ನನಗೆ ಅವರ ಮೇಲೆ ಸಿಟ್ಟಿಗಿಂತ ಮರುಕವೇ ಜಾಸ್ತಿ.

ತುಳುನಾಡಿನ ಭೂತಾರಾಧನೆಯನ್ನೂ ಅದೇ ಶತಮಾನದಲ್ಲಿ ಇಂಗ್ಲಿಷಿನವರು ‘ಡೆವಿಲ್ ವರ್ಷಿಪ್’ ಎಂದೇ ಬರೆದರು. ನಮಗೆ ಇದು ಹೊಸದೇನಲ್ಲ.

ಕಾನೂನೂ ಬಂತು. ನೈಜೀರಿಯಾದ ಬ್ರಿಟಿಷ್ ಆಡಳಿತದ 1916ರ ಕ್ರಿಮಿನಲ್ ಕೋಡ್‌ನಲ್ಲಿ ‘ಜೂಜೂ’ (ಅಲ್ಲಿನ ಹಳೇ ಪೂಜೆ, ಮಾಟ, ತಾಯತಗಳಿಗೆ ಇಂಗ್ಲಿಷಿನವರ ಹೆಸರು) ಎಂಬ ಪದ ಹಾಕಿ ಅಪರಾಧಗಳ ಪಟ್ಟಿಯೇ ಇತ್ತು. ಆದರೆ ಕಾನೂನಿಗಿಂತ ಆಳಕ್ಕೆ ಇಳಿದದ್ದು ಆ ಒಂದು ಪದ. ಮಿಷನ್ ಶಾಲೆಯಲ್ಲಿ ಎಶು ಅಂದರೆ ಸೈತಾನ ಎಂದು ಕಲಿತ ಮಕ್ಕಳು ತಮ್ಮ ಅಜ್ಜನ ಮನೆಬಾಗಿಲಿನ ಎಶುವಿನ ಕಲ್ಲಿಗೇ ಹೆದರತೊಡಗಿದರು. ಮನೆತನದ ಹೆಸರುಗಳೂ ಬದಲಾದವು. ಇಫಾ ಹೆಸರಿನ ‘ಫಾಬುನ್ಮಿ’ ಎಷ್ಟೋ ಕಡೆ ‘ಜೇಸುಬುನ್ಮಿ’ ಆಯಿತು (ಜೇಸು ಅಂದರೆ ಯೇಸು). ಅದಕ್ಕೆ ಮೊದಲು ಹೀಗಿರಲಿಲ್ಲ. 1901ರಲ್ಲಿ ಲಾಗೋಸ್‌ನ ರಾಜನಾದವನ ಹೆಸರು ಎಶುಗ್ಬಾಯಿ. ಯಾವ ತಂದೆತಾಯಿ ಮಗನಿಗೆ ಸೈತಾನನ ಹೆಸರಿಡುತ್ತಾರೆ, ಹೇಳಿ?

ಈಗ ಗಾಳಿ ಸ್ವಲ್ಪ ತಿರುಗಿದೆ. ಯುನೆಸ್ಕೋ 2005ರಲ್ಲಿ ಇಫಾ ಕಣಿಯನ್ನು ಮಾನವಕುಲದ ಪರಂಪರೆ ಎಂದು ಗುರುತಿಸಿತು. ಆಗಸ್ಟ್ 20 ಇಸೆಸೆ ದಿನ, ಹಳೇ ಧರ್ಮದವರ ಹಬ್ಬ. ಒಸುನ್‌ನಂಥ ರಾಜ್ಯಗಳಲ್ಲಿ ಅದಕ್ಕೆ ಸರ್ಕಾರಿ ರಜೆಯೂ ಸಿಕ್ಕಿದೆ. ‘ಎಶು ಸೈತಾನನಲ್ಲ’ ಎಂದು ಹುಡುಗ ಹುಡುಗಿಯರು ಸೋಷಿಯಲ್ ಮೀಡಿಯಾದಲ್ಲಿ ಬರೆಯುತ್ತಾರೆ. ಯೊರುಬಾ ಬೈಬಲ್‌ನಲ್ಲಿ ಮಾತ್ರ ಆ ಪದ ಇವತ್ತಿಗೂ ಹಾಗೇ ಇದೆ.