ಮೂರು ವರ್ಷದ ಭಾನುವಾರ ತಿಂದ ಸಂಖ್ಯೆ

ಚದುರಂಗದ ಹಲಗೆಯ ಕತೆ ಗೊತ್ತಲ್ವಾ? ಮೊದಲ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು. 64 ಮನೆ ಮುಗಿಯುವಷ್ಟರಲ್ಲಿ ರಾಜನ ಕಣಜ ಬರಿದು. ಆ ಹಲಗೆಗೆ ಇನ್ನೂ ಮೂರು ಮನೆ ಸೇರಿಸಿ ಒಟ್ಟು ಕಾಳು ಎಣಿಸಿದರೆ ಸಿಗುವುದು 147573952589676412927. ಅಂದರೆ 2ರ 67ನೇ ಘಾತಕ್ಕಿಂತ ಒಂದು ಕಡಿಮೆ. ಈ 21 ಅಂಕಿಯ ಜಾತಕ ಪೂರ್ತಿ ಬಿಚ್ಚಿಕೊಳ್ಳಲು 259 ವರ್ಷ ಬೇಕಾಯಿತು.

1644ರಲ್ಲಿ ಪ್ಯಾರಿಸಿನ ಪಾದ್ರಿ ಮರಿನ್ ಮೆರ್ಸೆನ್ ಒಂದು ಪಟ್ಟಿ ಕೊಟ್ಟರು. ಎರಡರ ಘಾತದಿಂದ ಒಂದು ಕಳೆದಾಗ ಅವಿಭಾಜ್ಯ ಸಂಖ್ಯೆ ಬರುವುದು 257ರವರೆಗೆ 2, 3, 5, 7, 13, 17, 19, 31, 67, 127, 257 ಎಂಬ ಘಾತಗಳಿಗೆ ಮಾತ್ರ ಎಂದರು. ಹೇಗೆ ಗೊತ್ತಾಯಿತು ಅಂತ ಹೇಳಲಿಲ್ಲ. ಅಷ್ಟು ದೊಡ್ಡ ಸಂಖ್ಯೆಗಳನ್ನು ಆಗ ಯಾರು ಭಾಗಿಸಿ ನೋಡಲು ಹೋಗುತ್ತಾರೆ?

1876ರಲ್ಲಿ ಫ್ರಾನ್ಸಿನ ಎಡ್ವರ್ಡ್ ಲ್ಯೂಕಾ ಹೋದರು. ಆದರೆ ಭಾಗಿಸುವ ದಾರಿ ಹಿಡಿಯಲಿಲ್ಲ. ಅವರ ಉಪಾಯವನ್ನು ಲೇಮರ್ ಎಂಬುವರು ಮುಂದೆ ಸರಳಗೊಳಿಸಿದರು. ಅದನ್ನೇ 31ರ ಮೇಲೆ ನೋಡಿ. 31 ಎಂದರೆ 2ರ 5ನೇ ಘಾತದಲ್ಲಿ ಒಂದು ಕಡಿಮೆ. 4ರಿಂದ ಶುರು. ವರ್ಗ ಮಾಡಿ 2 ಕಳೆದರೆ 14. ಮತ್ತೆ ಹಾಗೇ ಮಾಡಿದರೆ 194. 31ರಿಂದ ಭಾಗಿಸಿದರೆ ಶೇಷ 8. ಆ 8ಕ್ಕೆ ಇನ್ನೊಮ್ಮೆ ಹಾಗೇ ಮಾಡಿದರೆ 62, 31ರಿಂದ ಭಾಗಿಸಿದರೆ ಶೇಷ ಸೊನ್ನೆ. ಹಾಗಾಗಿ 31 ಅವಿಭಾಜ್ಯ. ಘಾತಕ್ಕಿಂತ ಎರಡು ಕಡಿಮೆ ಸಲ ಮಾಡಬೇಕು: 5ನೇ ಘಾತಕ್ಕೆ 3 ಸಲ, 67ನೇ ಘಾತಕ್ಕೆ 65 ಸಲ. ಕೊನೆಗೆ ಸೊನ್ನೆ ಬರುವುದಿಲ್ಲ.

ಮೆರ್ಸೆನ್ ತಪ್ಪಿದ್ದರು. ತಮಾಷೆ ಎಂದರೆ, ಸಂಖ್ಯೆ ಒಡೆಯುತ್ತದೆ ಅಂತ ಗೊತ್ತಾಯಿತೇ ಹೊರತು ಯಾವ ಎರಡು ಚೂರಾಗಿ ಅಂತ ಗೊತ್ತಾಗಲಿಲ್ಲ. ಬೀಗ ತೆರೆಯುತ್ತದೆ ಅಂತ ಗ್ಯಾರಂಟಿ ಇದೆ, ಕೀಲಿ ಮಾತ್ರ ಇಲ್ಲ.

ಕೀಲಿ ಸಿಕ್ಕಿದ್ದು ಅಮೆರಿಕದ ಫ್ರಾಂಕ್ ನೆಲ್ಸನ್ ಕೋಲ್ ಅವರಿಗೆ. 1903ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಗಣಿತ ಸಭೆಯಲ್ಲಿ ಅವರು ಬಾಯಿ ಬಿಡದೆ ಬೋರ್ಡಿನ ಬಳಿ ಹೋದರಂತೆ. ಒಂದು ಕಡೆ ಎರಡನ್ನು 67 ಸಲ ಗುಣಿಸಿ ಒಂದು ಕಳೆದರು. ಇನ್ನೊಂದು ಕಡೆ 193707721 ಮತ್ತು 761838257287 ಬರೆದು, ಕೈಯಲ್ಲೇ ಗುಣಿಸಿದರು. ಎರಡೂ ಉತ್ತರ ಒಂದೇ. ಮಾತಿಲ್ಲದೆ ಬಂದು ಕೂತರು, ಸಭೆ ಚಪ್ಪಾಳೆ ಹೊಡೆಯಿತು. ಎಷ್ಟು ದಿನ ಹಿಡಿಯಿತು ಎಂದು ಆಮೇಲೆ ಕೇಳಿದ್ದಕ್ಕೆ ಮೂರು ವರ್ಷದ ಭಾನುವಾರಗಳು ಅಂದರಂತೆ. ಇದನ್ನು ಹೇಳಿದವರು ಗಣಿತಜ್ಞ ಎರಿಕ್ ಟೆಂಪಲ್ ಬೆಲ್. ಕತೆಗೆ ಒಗ್ಗರಣೆ ಹಾಕುವುದರಲ್ಲಿ ಅವರು ಎತ್ತಿದ ಕೈ. ಗುಣಾಕಾರಕ್ಕೆ ಮಾತ್ರ ಒಗ್ಗರಣೆ ಬೇಕಿಲ್ಲ. ಕೊನೆಯ ಮೂರು ಅಂಕಿಗಳನ್ನಾದರೂ ನೀವೇ ನೋಡಿ: 721 ಗುಣಿಸು 287, ಉತ್ತರ 206927. ಬಾಲದಲ್ಲಿ 927 ಬಂತಲ್ಲ!

ಕೋಲ್ ಸುಮ್ನೆ ಕುರುಡಾಗಿ ಹುಡುಕಲಿಲ್ಲ. ಈ ಸಂಖ್ಯೆಯ ಯಾವುದೇ ಅವಿಭಾಜ್ಯ ಅಪವರ್ತನವನ್ನು 134ರಿಂದ ಭಾಗಿಸಿದರೆ ಶೇಷ 1 ಬರಲೇಬೇಕು. 193707721 ಎಂದರೆ 134ರ 1445580 ಪಟ್ಟು, ಮೇಲೊಂದು. ಅಷ್ಟು ಜರಡಿ ಹಿಡಿದರೂ ಉಳಿಯುವ ರಾಶಿ ಜಾಸ್ತಿಯೇ. ಅದಕ್ಕೇ ಅವರು ಇನ್ನೂ ಸಣ್ಣ ಕಣ್ಣಿನ ಜರಡಿಗಳನ್ನು ಬಳಸಿದರು.

ಮೆರ್ಸೆನ್ ಪಟ್ಟಿಯಲ್ಲಿ 257 ಕೂಡ ತಪ್ಪು. 61, 89, 107 ಬಿಟ್ಟೇ ಹೋಗಿದ್ದವು. 61 ಎಂದು ಬರೆಯಲು ಹೋಗಿ 67 ಆಯಿತೇನೋ ಎಂದು ಕೆಲವರ ಊಹೆ. ಪಟ್ಟಿ ಪೂರ್ತಿ ತಿದ್ದಿ ಮುಗಿದದ್ದು 1947ರಲ್ಲಿ.

ಅವಿಭಾಜ್ಯವೋ ಅಲ್ಲವೋ ಎಂದು ಯಾವ ಸಂಖ್ಯೆಯನ್ನಾದರೂ ಬೇಗ ಪರೀಕ್ಷಿಸುವ ಖಚಿತ ದಾರಿಯನ್ನು 2002ರಲ್ಲಿ ಕಾನ್ಪುರದ ಐಐಟಿಯ ಮಣೀಂದ್ರ ಅಗರ್‌ವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ ತೋರಿಸಿದರು. ಅಪವರ್ತನ ಹುಡುಕಲು ಅಂಥ ಸಲೀಸು ದಾರಿ ನಮ್ಮ ಮಾಮೂಲಿ ಕಂಪ್ಯೂಟರುಗಳಿಗೆ ಇನ್ನೂ ಸಿಕ್ಕಿಲ್ಲ. 1977ರಲ್ಲಿ ಬಂದ ಆರ್‌ಎಸ್‌ಎ ಗುಪ್ತಲಿಪಿ ನಿಂತಿರುವುದೇ ಆ ಕಷ್ಟದ ಮೇಲೆ. ಈಗ ಅದರಲ್ಲಿ ಸಾಮಾನ್ಯವಾಗಿ ಬಳಸುವ ಸಂಖ್ಯೆಗೆ 617 ಅಂಕಿ. ಕೋಲ್ ಒಡೆದದ್ದಕ್ಕೆ 21.