ಮೊಬೈಲಿನಲ್ಲಿ ಕಾಣುವ ಎಂಬತ್ತನ್ನು ಅಳೆದವರು ಯಾರು?

ರಾಯಚೂರು, ಮಾನ್ವಿ, ಸಿಂಧನೂರು ಕಡೆಯ ಮನೆಗಳಿಗೆ ಇನ್ವರ್ಟರ್ ಮತ್ತು ಸೋಲಾರ್ ಬ್ಯಾಟರಿಗಳನ್ನು ಜೋಡಿಸಿ, ಅವುಗಳ ದೇಖರೇಖಿಯನ್ನೂ ನೋಡಿಕೊಳ್ಳುವ ನನಗೆ ಬಿಸಿಲು ಏರುತ್ತಿದ್ದಂತೆ ಬರುವ ಫೋನುಗಳಲ್ಲಿ ಅರ್ಧಕ್ಕರ್ಧ ಒಂದೇ ದೂರಿನವು. “ಮೊಬೈಲ್‌ನ್ಯಾಗ ಎಂಬತ್ತು ತೋರಸಕತ್ತೈತ್ರಿ, ಎರಡು ಫ್ಯಾನ್ ಹಾಕಿದ್ದಕ್ಕ ಅರ್ಧ ತಾಸಿನ್ಯಾಗ ಬಂದ್ ಆತ್ರಿ.” ಇದರ ಬೆನ್ನಿಗೇ ಬ್ಯಾಟರಿ ಮಾರಿದವರ ಮೇಲೆ ಅನುಮಾನ ಶುರುವಾಗುತ್ತದೆ. ಬ್ಯಾಟರಿ ಶೇಕಡಾ ಎಂಬತ್ತು ತುಂಬಿದೆ ಎನ್ನುವ ಆ ಅಂಕಿಯನ್ನು ಯಾವ ಉಪಕರಣ, ಯಾವ ತಂತಿಯ ಮೇಲೆ ಕುಳಿತು ಅಳೆಯಿತು ಎಂದು ಕೇಳಿದರೆ, “ವೈಫೈದ್ದು ಐತ್ರಿ, ಹೊಸಾದು” ಎಂಬ ಉತ್ತರ ಸಿಗುತ್ತದೆ.

ವೈಫೈ ಆಗಲಿ, ಬ್ಲೂಟೂತ್ ಆಗಲಿ ಅಂಕಿಯನ್ನು ಹೊತ್ತು ತರುತ್ತವೆಯೇ ಹೊರತು ಅಳೆಯುವುದಿಲ್ಲ. ಕಡಿಮೆ ಬೆಲೆಯ ಬಹುತೇಕ ನಿಸ್ತಂತು ಮೀಟರುಗಳು ಬ್ಯಾಟರಿಯ ವೋಲ್ಟೇಜನ್ನು ಮಾತ್ರ ನೋಡಿ, ತಮ್ಮೊಳಗಿನ ಒಂದು ಕೋಷ್ಟಕಕ್ಕೆ ಹೋಲಿಸಿ, ಶೇಕಡಾ ಇಷ್ಟು ಎಂದು ಅಂದಾಜು ಹೇಳುತ್ತವೆ. ನೀರು ಹಾಕುವ 12 ವೋಲ್ಟಿನ ಟ್ಯೂಬುಲರ್ ಲೆಡ್ (ಸೀಸದ) ಬ್ಯಾಟರಿ ತುಂಬಿದ್ದಾಗ ಸುಮಾರು 12.6ರಿಂದ 12.7 ವೋಲ್ಟ್, ಅರ್ಧ ಖಾಲಿಯಾದಾಗ ಸುಮಾರು 12.2 ವೋಲ್ಟ್ ತೋರಿಸುವುದು ನಿಜ. ಆದರೆ ಚಾರ್ಜೂ ಇಲ್ಲದೆ, ಲೋಡೂ ಇಲ್ಲದೆ ಅದು ಕೆಲವು ತಾಸು ಸುಮ್ಮನೆ ಇದ್ದ ಮೇಲೆ ಮಾತ್ರ ಈ ಲೆಕ್ಕ ಸರಿಹೋಗುತ್ತದೆ. ನಮ್ಮ ಮನೆಗಳಲ್ಲಿ ಬ್ಯಾಟರಿಗೆ ಅಂತಹ ವಿಶ್ರಾಂತಿ ಎಲ್ಲಿಯದು? ಕರೆಂಟ್ ಬಂದೊಡನೆ ಚಾರ್ಜರ್ ವೋಲ್ಟೇಜನ್ನು 13.8ಕ್ಕೋ 14.4ಕ್ಕೋ ಎತ್ತತೊಡಗುತ್ತದೆ, ಒಳಗೆ ಇನ್ನೂ ಕಾಲುಭಾಗವೂ ತುಂಬಿರದಿದ್ದರೂ ಮೀಟರು ಎಂಬತ್ತು, ತೊಂಬತ್ತು, ನೂರು ಎಂದು ಏರುತ್ತ ಹೋಗುತ್ತದೆ. ಮತ್ತೆ ಕರೆಂಟ್ ಹೋಗಿ ಫ್ಯಾನುಗಳು ತಿರುಗತೊಡಗಿದಾಗ ಅದೇ ವೇಗದಲ್ಲಿ ಇಳಿಯುತ್ತದೆ. ಅರ್ಧ ತಾಸಿನಲ್ಲಿ ಬಂದ್ ಆದ ಬ್ಯಾಟರಿಯ ಕಥೆ ಹೆಚ್ಚಿನ ಸಲ ಇಷ್ಟೇ.

ಲಿಥಿಯಂ ಹಾಕಿಸಿಕೊಂಡವರು ತಾವು ಪಾರಾದೆವೆಂದು ತಿಳಿಯಬಾರದು, ಅವರ ಸಂಗತಿ ಇನ್ನೂ ಕಠಿಣ. ಮನೆಗಳಿಗೆ ಈಗ ಬರುತ್ತಿರುವ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯ ಒಂದು ಸೆಲ್ ತುಂಬಿದ್ದು ಖಾಲಿಯಾಗುವವರೆಗೆ ಹೆಚ್ಚಿನ ಹೊತ್ತು 3.3 ವೋಲ್ಟಿನ ಆಸುಪಾಸಿನಲ್ಲೇ ನಿಂತಿರುತ್ತದೆ. ಎಪ್ಪತ್ತಕ್ಕೂ ನಲವತ್ತಕ್ಕೂ ನಡುವಿನ ವ್ಯತ್ಯಾಸ ಒಂದು ಸೆಲ್ಲಿಗೆ ಕೆಲವೇ ಹತ್ತು ಮಿಲಿವೋಲ್ಟ್. ಅಷ್ಟು ಸಣ್ಣ ಅಂತರವನ್ನು ಲೋಡಿನ ಏರಿಳಿತದ ನಡುವೆ ವೋಲ್ಟೇಜಿನಿಂದ ಗುರುತಿಸುತ್ತೇನೆ ಎನ್ನುವ ಮೀಟರನ್ನು ನಾನಂತೂ ನಂಬುವುದಿಲ್ಲ.

ಆದ್ದರಿಂದ ಎಷ್ಟು ಒಳಗೆ ಹೋಯಿತು, ಎಷ್ಟು ಹೊರಗೆ ಬಂತು ಎಂಬುದನ್ನು ಎಣಿಸಬೇಕು, ಅದಕ್ಕೆ ಶಂಟ್ ಬೇಕು. ಶಂಟ್ ಎಂದರೆ ಬ್ಯಾಟರಿಯ ನೆಗೆಟಿವ್ ದಾರಿಯಲ್ಲಿ ಕೂರಿಸುವ, ಅತಿ ಕಡಿಮೆ ರೋಧವುಳ್ಳ ಲೋಹದ ಪಟ್ಟಿ. 500 ಆಂಪಿಯರಿನ ಸಾಮಾನ್ಯ ಶಂಟಿನಲ್ಲಿ ಪೂರ್ತಿ 500 ಆಂಪಿಯರ್ ಹರಿದಾಗ 50 ಅಥವಾ 75 ಮಿಲಿವೋಲ್ಟ್ ವ್ಯತ್ಯಾಸ ಉಂಟಾಗುತ್ತದೆ, ಅದನ್ನು ಓದಿ ಉಪಕರಣವು ಆಂಪಿಯರನ್ನು ತಿಳಿಯುತ್ತದೆ. ಇಲ್ಲಿ ಜನ ಪದೇ ಪದೇ ತಪ್ಪುವ ಒಂದು ಮಾತನ್ನು ನಾನು ಎರಡು ಸಲ ಹೇಳಿದರೂ ಓದುಗರು ಬೇಸರಿಸಬಾರದು: ಬ್ಯಾಟರಿಯ ನೆಗೆಟಿವ್ ಟರ್ಮಿನಲ್ಲಿಗೆ ಶಂಟಿನ ಒಂದು ತಂತಿಯ ಹೊರತು ಬೇರೆ ಯಾವ ತಂತಿಯೂ ತಾಗಬಾರದು. ಇನ್ವರ್ಟರ್, ಸೋಲಾರ್ ಚಾರ್ಜರ್, ಪೂಜಾ ಕೋಣೆಯ ಡಿಸಿ ದೀಪ, ಎಲ್ಲದರ ನೆಗೆಟಿವ್ ಶಂಟಿನ ಆಚೆ ಬದಿಗೆ ಬರಬೇಕು.

ಸಿಂಧನೂರಿನ ಅಕ್ಕಿ ವ್ಯಾಪಾರಿಯೊಬ್ಬರ ಮನೆಯಲ್ಲಿ ಮೀಟರು ದಿನದಿನಕ್ಕೆ ಇಳಿಯುತ್ತ ಸೊನ್ನೆಗೆ ಬಂದು ನಿಂತಿತ್ತು, ಬ್ಯಾಟರಿ ಮಾತ್ರ ತುಂಬಿ ತುಳುಕುತ್ತಿತ್ತು. ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಟಾರ್ಚ್ ಹಿಡಿದು ನೋಡಿದರೆ ನೆಗೆಟಿವ್ ಬೋಲ್ಟಿನ ಮೇಲೆ ಎರಡು ಲಗ್ಗುಗಳು (ತಂತಿಯ ತುದಿಯ ಲೋಹದ ಕೊಂಡಿಗಳು) ಒಂದರ ಮೇಲೊಂದು ಕೂತಿದ್ದವು: ಕೆಳಗಿನದು ಶಂಟಿನದು, ಮೇಲಿನದು ಚಾವಣಿಯ ಸೋಲಾರ್ ಚಾರ್ಜರಿನಿಂದ ನೇರ ಬಂದದ್ದು. ಖರ್ಚೆಲ್ಲ ಲೆಕ್ಕಕ್ಕೆ ಬರುತ್ತಿತ್ತು, ಬಿಸಿಲಿನ ಜಮಾ ಒಂದು ಪೈಸೆಯೂ ಬರುತ್ತಿರಲಿಲ್ಲ. ಗೋದಾಮಿನ ಗೇಟಿನಲ್ಲಿ ಚೀಲ ಎಣಿಸುವ ಹುಡುಗನನ್ನು ನಿಲ್ಲಿಸಿ, ಹಿಂಬಾಗಿಲಿನಿಂದ ಲಾರಿ ತರಿಸಿಕೊಂಡ ಹಾಗೆ ಎಂದೆ. ಅವರಿಗೆ ಮತ್ತೊಂದು ಮಾತು ಬೇಕಾಗಲಿಲ್ಲ; “ಹಂಗಾದ್ರ ಹಿಂದಿನ ಬಾಗ್ಲಕ್ಕ ಕೀಲಿ ಹಾಕ್ರಿ” ಎಂದರು. ಹತ್ತು ನಿಮಿಷದ ಕೆಲಸ. ಆದರೆ ಅದನ್ನು ತಾವೇ ಮಾಡಲು ಹೋಗಬೇಡಿ ಎಂದೂ ಹೇಳಬೇಕು, ಏಕೆಂದರೆ 12 ವೋಲ್ಟ್ ಶಾಕ್ ಹೊಡೆಯದಿದ್ದರೂ ಎರಡು ಟರ್ಮಿನಲ್ಲುಗಳ ನಡುವೆ ಸ್ಪ್ಯಾನರ್ ತಾಗಿದರೆ ನೂರಾರು ಆಂಪಿಯರ್ ಹರಿದು ಕೈ ಸುಡುತ್ತದೆ.

ಶಂಟ್ ಹಾಕಿದ ಮಾತ್ರಕ್ಕೆ ಲೆಕ್ಕ ಶಾಶ್ವತವಾಗಿ ಸರಿಯಿರುವುದಿಲ್ಲ. ಎಣಿಕೆಯ ಸಣ್ಣ ಸಣ್ಣ ತಪ್ಪುಗಳು ಕೂಡುತ್ತ ಹೋಗುವುದರಿಂದ ಬ್ಯಾಟರಿಯನ್ನು ಆಗಾಗ ಪೂರ್ತಿ ತುಂಬಿಸಬೇಕು. ಆಗ ಮಾತ್ರ ಮೀಟರು ತನ್ನನ್ನು ಮತ್ತೆ ನೂರಕ್ಕೆ ಹೊಂದಿಸಿಕೊಳ್ಳುತ್ತದೆ. ಮೀಟರಿಗೆ ಕೊಡುವ ಬ್ಯಾಟರಿ ಸಾಮರ್ಥ್ಯದ ಅಂಕಿಯನ್ನೂ ವಿವೇಕದಿಂದ ತುಂಬಬೇಕು. ಇನ್ವರ್ಟರ್ ಬ್ಯಾಟರಿಯ ಮೇಲೆ ಬರೆದ 150 ಎಎಚ್ (ಆಂಪಿಯರ್-ತಾಸು) ಸಾಮಾನ್ಯವಾಗಿ 20 ತಾಸಿನ ಲೆಕ್ಕದ್ದು, ಅಂದರೆ ಸತತವಾಗಿ 7.5 ಆಂಪಿಯರ್ ಎಳೆದಾಗ ಸಿಗುವಂಥದ್ದು. ಫ್ರಿಜ್ಜು, ಫ್ಯಾನು, ಟಿವಿ ಸೇರಿ 40 ಆಂಪಿಯರ್ ಎಳೆಯುವ ಮನೆಯಲ್ಲಿ ಲೆಡ್ ಬ್ಯಾಟರಿ ಅಷ್ಟು ಕೊಡುವುದಿಲ್ಲ. ಇದರ ಮೇಲೆ ನಮ್ಮ ಸೆಖೆ: ಉಷ್ಣಾಂಶ 10 ಡಿಗ್ರಿ ಏರಿದರೆ ಲೆಡ್ ಬ್ಯಾಟರಿಯ ಬಾಳಿಕೆ ಅರ್ಧಕ್ಕಿಳಿಯುತ್ತದೆ ಎಂಬುದು ಈ ವೃತ್ತಿಯವರ ಸ್ಥೂಲ ಲೆಕ್ಕ, ರಾಯಚೂರಿನ ಬೇಸಿಗೆಯೋ ಸಲೀಸಾಗಿ 40 ದಾಟುತ್ತದೆ. ಹಳೆಯ ಬ್ಯಾಟರಿ ಎಷ್ಟು ಸವೆದಿದೆ ಎಂಬುದು ಮೀಟರಿಗೆ ತಾನಾಗಿ ತಿಳಿಯುವುದಿಲ್ಲ. ಡಿಸ್ಟಿಲ್ಡ್ ವಾಟರ್ ಕಡಿಮೆಯಾದದ್ದನ್ನು ಕೂಡ ಯಾವ ಆ್ಯಪೂ ಹೇಳದು.

ಬೆಂಗಳೂರಿನಲ್ಲಿ ಕುಳಿತು ಊರಿನ ಬ್ಯಾಟರಿಯನ್ನು ಕಾಯುವ ಮಕ್ಕಳ ಬಗ್ಗೆ ನನಗೆ ಅಕ್ಕರೆಯಿದೆ. ಅಂತಹ ಒಬ್ಬ ಮಗ ಸಂಜೆಯವರೆಗೂ 76 ನೋಡುತ್ತ ನೆಮ್ಮದಿಯಾಗಿದ್ದ. ಇತ್ತ ಮಾನ್ವಿಯಲ್ಲಿ ತಾಯಿ ಬೀಸಣಿಗೆ ಹಿಡಿದು ಕೂತಿದ್ದರು. ಆ 76 ಬೆಳಗಿನದು. ರೂಟರನ್ನು ಇನ್ವರ್ಟರ್ ಲೈನಿಗೆ ಹಾಕಿರಲಿಲ್ಲವಾದ್ದರಿಂದ ಕರೆಂಟ್ ಹೋದ ಕ್ಷಣವೇ ಸುದ್ದಿಯೂ ನಿಂತು, ಪರದೆಯ ಮೇಲೆ ಕೊನೆಯ ಅಂಕಿ ಹಾಗೆಯೇ ಉಳಿದಿತ್ತು. ರೂಟರ್ ಮತ್ತು ಫೈಬರ್ ಡಬ್ಬಿ ಎರಡನ್ನೂ ಇನ್ವರ್ಟರ್ ಲೈನಿಗೆ ಕೊಡಿ. ಅಂಕಿಯ ಪಕ್ಕದಲ್ಲಿ ಅದು ಬಂದ ಸಮಯವೂ ಕಾಣುವಂತೆ ಮಾಡಿಸಿ. ಹತ್ತು ನಿಮಿಷ ಅಂಕಿ ಬಾರದಿದ್ದರೆ ಅದಕ್ಕೂ ಸೂಚನೆ ಬರಲಿ. ಮನೆಯ ಉಪಕರಣಗಳನ್ನು ಒಂದೆಡೆ ನೋಡಿಕೊಳ್ಳುವ ಹೋಮ್ ಅಸಿಸ್ಟೆಂಟ್‌ನಂತಹ ಸಾಫ್ಟ್‌ವೇರ್ ವ್ಯವಸ್ಥೆ ಮನೆಯ ಸಣ್ಣ ಕಂಪ್ಯೂಟರಿನಲ್ಲೇ ಇದ್ದರೆ ಇಂಟರ್ನೆಟ್ ಕಡಿದಾಗಲೂ ದಾಖಲೆ ಮುಂದುವರಿಯುತ್ತದೆ. ಕಲ್ಲಿನ ದಪ್ಪ ಗೋಡೆಯ ಹಳೆಯ ಮನೆಗಳಲ್ಲಿ ಬ್ಲೂಟೂತ್ ಪಕ್ಕದ ಕೋಣೆಗೂ ದಾಟದಿರಬಹುದು, ಅಲ್ಲಿ ತಂತಿ ಎಳೆಯುವುದೇ ಲೇಸು.

ಶೇಕಡಾ 30ಕ್ಕಿಳಿದರೆ ಫ್ರಿಜ್ ತಾನಾಗಿ ಆಫ್ ಆಗಲಿ ಎಂದು ಕೇಳುವವರಿದ್ದಾರೆ. ಮಾಡಬಹುದು, ಆದರೆ ಶಂಟಿನ ಅಂಕಿಯ ಮೇಲೆ ಮಾತ್ರ, ಐದು ನಿಮಿಷ ಕೆಳಗೇ ಇದ್ದರೆ ಎಂಬ ಷರತ್ತಿನೊಡನೆ, ಮತ್ತೆ ಆನ್ ಆಗುವುದು 50 ದಾಟಿದ ಮೇಲೆ. ಇಲ್ಲದಿದ್ದರೆ ಕಂಪ್ರೆಸರ್ ಶುರುವಾದಾಗಲೆಲ್ಲ ವೋಲ್ಟೇಜ್ ಕುಸಿದು, ಫ್ರಿಜ್ಜನ್ನು ಆನ್-ಆಫ್ ಮಾಡುವ ರಿಲೇ ಟಕಟಕ ಎನ್ನುತ್ತದೆ, ಹಾಳಾಗುವುದು ಫ್ರಿಜ್ಜು.

ಇನ್ನು ಫೋನ್ ಮಾಡುವವರು ಶೇಕಡಾ ಎಷ್ಟು ಎಂದು ಹೇಳುವ ಬದಲು ಈ ಹೊತ್ತಿನ ವೋಲ್ಟ್ ಎಷ್ಟು, ಆಂಪಿಯರ್ ಎಷ್ಟು, ಬ್ಯಾಟರಿ ಕಡೆಯ ಸಲ ಪೂರ್ತಿ ತುಂಬಿದ್ದು ಯಾವಾಗ ಎಂದು ಹೇಳಿ, ನೆಗೆಟಿವ್ ಟರ್ಮಿನಲ್ಲಿನ ಒಂದು ಫೋಟೊ ಕಳಿಸಿದರೆ, ಅರ್ಧದಷ್ಟು ಮನೆಗಳಿಗೆ ನಾನು ಬರುವ ಅಗತ್ಯವೇ ಬೀಳಲಿಕ್ಕಿಲ್ಲ.