ಎಷ್ಟು ಎಕ್ಸ್ ಜೂಮ್ ಇದ್ದರೆ ವಿಮಾನ ಸಿಗುತ್ತದೆ?

ಪ್ರಶ್ನೆ: “ಸರ, ನನ್ನ ಕಡೆ ಸಣ್ಣ ಡಿಜಿಟಲ್ ಕ್ಯಾಮೆರಾ ಐತ್ರಿ. ದೊಡ್ಡ ಲೆನ್ಸ್ ತಗೊಳ್ಳೋವಷ್ಟು ರೊಕ್ಕ ಇಲ್ರಿ. ಮುಂದಿನ ಸಲ ಯಲಹಂಕದ ಏರ್ ಶೋಕ್ಕ ಹೋಗಬೇಕಂತ ಮಾಡೀನಿ. ವಿಮಾನದ ಫೋಟೊ ಚಲೋ ಬರ್ತಾವೇನ್ರಿ? ಬರಾಕ ಎಷ್ಟ್ ಎಕ್ಸ್ ಜೂಮ್ ಇರಬೇಕ್ರಿ?”

ಉತ್ತರ: ಬರುತ್ತವೆ. ಯಲಹಂಕದ ಆ ಏರ್ ಶೋ, ಅಂದರೆ ಏರೋ ಇಂಡಿಯಾ, ನಡೆಯುವುದು ಎರಡು ವರ್ಷಕ್ಕೊಮ್ಮೆ. ಅದು ಹತ್ತಿರ ಬಂದಾಗಲೆಲ್ಲ ಈ ಪ್ರಶ್ನೆ ಬೆಳಗಾವಿಯಿಂದ, ಗೋಕಾಕದಿಂದ, ಜಮಖಂಡಿಯಿಂದ, ಇಂಡಿಯಿಂದ, ಹೆಚ್ಚುಕಡಿಮೆ ಇದೇ ಮಾತುಗಳಲ್ಲಿ ಬರುತ್ತದೆ. ಮೊದಲ ಅರ್ಧಕ್ಕೆ ಉತ್ತರ ಸುಲಭ. ನೆಲದ ಮೇಲೆ ನಿಂತ ವಿಮಾನ, ನಿಧಾನಕ್ಕೆ ಹಾರುವ ಹೆಲಿಕಾಪ್ಟರ್, ಒಟ್ಟಾಗಿ ಹಾರುವ ತಂಡ, ಅವು ಬಿಟ್ಟುಹೋದ ಹೊಗೆಯ ಗೆರೆ ಇವೆಲ್ಲ ಸಣ್ಣ ಕ್ಯಾಮೆರಾದಲ್ಲಿ ಚೆನ್ನಾಗಿಯೇ ಬರುತ್ತವೆ. ಪೈಲಟ್‌ನ ಹೆಲ್ಮೆಟ್ ಕಾಣುವಷ್ಟು ಹತ್ತಿರದಿಂದ ಒಂಟಿ ಯುದ್ಧವಿಮಾನ ಬೇಕೆಂದರೆ ಬರುವುದಿಲ್ಲ, ಆ ಆಸೆ ಬಿಟ್ಟುಬಿಡಿ.

ತೊಂದರೆ ಇರುವುದು ಪ್ರಶ್ನೆಯ ಎರಡನೆಯ ಅರ್ಧದಲ್ಲಿ. ಎಷ್ಟು ಎಕ್ಸ್? ಈ ಎಕ್ಸ್ ಎಂಬುದು ನಮ್ಮ ಜನರ ತಲೆಯಲ್ಲಿ ಎಷ್ಟು ಗಟ್ಟಿಯಾಗಿ ಕೂತಿದೆಯೆಂದರೆ, ಅಂಗಡಿಯವರು ಡಬ್ಬಿಯ ಮೇಲಿನ ಆ ಒಂದು ಅಂಕಿ ತೋರಿಸಿಯೇ ವ್ಯಾಪಾರ ಮುಗಿಸುತ್ತಾರೆ. ಹತ್ತಕ್ಕಿಂತ ಇಪ್ಪತ್ತು ಚಲೋ, ಇಪ್ಪತ್ತಕ್ಕಿಂತ ಮೂವತ್ತು, ಮೊಬೈಲಿನಲ್ಲಿ ನೂರು ಎಕ್ಸ್ ಅಂದರೆ ಮುಗಿದೇ ಹೋಯಿತು. ಜೂಮ್ ಹೆಚ್ಚಿದಷ್ಟೂ ವಿಮಾನ ಚೆನ್ನಾಗಿ ಸಿಗುತ್ತದೆ ಎಂಬ ಈ ನಂಬಿಕೆ ಹೋಗದ ಹೊರತು ಉಳಿದ ಯಾವ ಸಲಹೆಯೂ ಕೆಲಸಕ್ಕೆ ಬರುವುದಿಲ್ಲ. ಅದಕ್ಕೇ ಈ ಸಲ ಲೆಕ್ಕ ಹಾಕಿಯೇ ಹೇಳುತ್ತೇನೆ.

ಮೊದಲು, ಎಕ್ಸ್ ಎಂದರೆ ಎಷ್ಟು ದೂರ ಕಾಣುತ್ತದೆ ಎಂಬ ಅಳತೆಯೇ ಅಲ್ಲ. ಲೆನ್ಸಿನ ಅತಿ ಅಗಲದ ನೋಟಕ್ಕೂ ಅತಿ ಕಿರಿದಾದ ನೋಟಕ್ಕೂ ಇರುವ ಅನುಪಾತ ಅದು. ನೋಟ ಎಷ್ಟು ಅಗಲ ಎಂದು ಹೇಳುವುದು ಎಂಎಂ, ಅಂದರೆ ಫಿಲ್ಮ್ ಕ್ಯಾಮೆರಾದ ಲೆಕ್ಕಕ್ಕೆ ತಂದ ಲೆನ್ಸಿನ ನಾಭಿದೂರ: ಅಂಕಿ ಸಣ್ಣದಿದ್ದರೆ ನೋಟ ಅಗಲ, ದೊಡ್ಡದಿದ್ದರೆ ನೋಟ ಕಿರಿದು, ವಿಮಾನ ದೊಡ್ಡದು. 24 ಎಂಎಂನಿಂದ ಶುರುವಾಗುವ ಹತ್ತು ಎಕ್ಸ್ ಕ್ಯಾಮೆರಾ 240ಕ್ಕೆ ನಿಲ್ಲುತ್ತದೆ. 35ರಿಂದ ಶುರುವಾಗುವ ಹತ್ತು ಎಕ್ಸ್ 350ರವರೆಗೆ ಹೋಗುತ್ತದೆ. ಎರಡೂ ಡಬ್ಬಿಯ ಮೇಲೆ ಒಂದೇ ಅಂಕಿ. ಆದ್ದರಿಂದ ಕೊಳ್ಳುವಾಗ ಎಕ್ಸ್ ಕೇಳಬೇಡಿ, ಎಂಎಂ ಎಷ್ಟರಿಂದ ಎಷ್ಟರವರೆಗೆ ಎಂದು ಕೇಳಿ.

ಈಗ ಮೂವತ್ತು ಎಕ್ಸ್ ಕ್ಯಾಮೆರಾ ತೆಗೆದುಕೊಳ್ಳೋಣ. 24ರಿಂದ 720 ಎಂಎಂ. ಪೂರ್ತಿ ಜೂಮ್ ಎಳೆದರೆ ಅದರ ಫ್ರೇಮಿನಲ್ಲಿ ಹಿಡಿಸುವುದು ಆಕಾಶದ ಸುಮಾರು ಮೂರು ಡಿಗ್ರಿ ಅಗಲ ಮಾತ್ರ. ಅರ್ಧ ಕಿಲೋಮೀಟರ್ ದೂರದಲ್ಲಿ ಗಂಟೆಗೆ 500 ಕಿಲೋಮೀಟರ್ ವೇಗದಲ್ಲಿ ನಮ್ಮೆದುರು ಅಡ್ಡ ಹಾಯುವ ಜೆಟ್ ಒಂದು ಸೆಕೆಂಡಿಗೆ ಸುಮಾರು 140 ಮೀಟರ್ ಸಾಗುತ್ತದೆ. ಅಂದರೆ ಸೆಕೆಂಡಿಗೆ ಹದಿನಾರು ಡಿಗ್ರಿ. ಕ್ಯಾಮೆರಾ ಅಲುಗಿಸದೆ ಹಿಡಿದು ನಿಂತರೆ ಆ ವಿಮಾನ ಫ್ರೇಮಿನ ಈ ಅಂಚಿನಿಂದ ಆ ಅಂಚಿಗೆ ಹೋಗಲು ಸೆಕೆಂಡಿನ ಐದನೆಯ ಒಂದು ಭಾಗವೂ ಬೇಕಿಲ್ಲ. ಬಟನ್ ಒತ್ತಿದ ಮೇಲೆ ಫೋಕಸ್ ಹುಡುಕಿ ಚಿತ್ರ ಹಿಡಿಯಲು ಹಲವು ಸಣ್ಣ ಕ್ಯಾಮೆರಾಗಳಿಗೆ, ಅದರಲ್ಲೂ ಪೂರ್ತಿ ಜೂಮಿನಲ್ಲಿ, ಅರ್ಧ ಸೆಕೆಂಡಿನ ಆಸುಪಾಸು ಬೇಕು. ಖಾಲಿ ಆಕಾಶದ ಫೋಟೊಗಳು ಎಲ್ಲಿಂದ ಬಂದವು ಎಂದು ಈಗ ತಿಳಿಯಿತಲ್ಲ? ನಿಮ್ಮ ಕೈಯ ತಪ್ಪೇನೂ ಇಲ್ಲ. ಊದುಗೊಳವೆಯಲ್ಲಿ ಕಣ್ಣಿಟ್ಟು ಹಾರುವ ಗಿಳಿ ಹುಡುಕುವ ಕೆಲಸ ಅದು.

ಅದೇ ಕ್ಯಾಮೆರಾವನ್ನು 200 ಎಂಎಂ ಹತ್ತಿರ ನಿಲ್ಲಿಸಿ. ಫ್ರೇಮಿನ ಅಗಲ ಹತ್ತು ಡಿಗ್ರಿ ದಾಟುತ್ತದೆ, ವಿಮಾನ ಅದರೊಳಗೆ ಅರ್ಧ ಸೆಕೆಂಡಿಗಿಂತ ಹೆಚ್ಚು ಹೊತ್ತು ಇರುತ್ತದೆ. ಅದರ ಜೊತೆ ನೀವೂ ಸೊಂಟದಿಂದ ಮೇಲೆ ಮೆಲ್ಲಗೆ ತಿರುಗಿದರೆ ಇನ್ನೂ ಹೆಚ್ಚು ಹೊತ್ತು. ವಿಮಾನ ಸಣ್ಣದಾಗಿ ಕಾಣುತ್ತದೆ, ಒಪ್ಪುತ್ತೇನೆ. ಆದರೆ ಸಿಗುತ್ತದೆ. ಸಿಕ್ಕಿದ್ದನ್ನು ಮನೆಗೆ ಬಂದು ಕತ್ತರಿಸಿ ದೊಡ್ಡದು ಮಾಡಬಹುದು.

ಜೂಮ್ ಎಳೆದಂತೆ ಬೆಳಕೂ ಕಡಿಮೆಯಾಗುತ್ತದೆ, ಇದನ್ನು ಯಾರೂ ಹೇಳುವುದಿಲ್ಲ. ಲೆನ್ಸಿನ ಬಾಯಿ ಎಷ್ಟು ತೆರೆದಿದೆ ಎಂದು ಹೇಳುವುದು ಎಫ್ ಅಂಕಿ, ಅದು ಹೆಚ್ಚಿದಷ್ಟೂ ಬಾಯಿ ಕಿರಿದು. ಇಂಥ ಲೆನ್ಸುಗಳು ಅಗಲದಲ್ಲಿ ಎಫ್ 3.3 ಇದ್ದರೆ ಉದ್ದಕ್ಕೆ ಎಳೆದಾಗ ಎಫ್ 6.9ರ ಹತ್ತಿರ ಹೋಗುತ್ತವೆ. ಒಳಗೆ ಬರುವ ಬೆಳಕು ಕಾಲುಭಾಗಕ್ಕೂ ಕೆಳಗಿಳಿಯಿತು. ಅದನ್ನು ತುಂಬಿಸಲು ಕ್ಯಾಮೆರಾ ಶಟರ್ ನಿಧಾನ ಮಾಡುತ್ತದೆ, ಅಂದರೆ ಬೆಳಕಿನ ಬಾಗಿಲನ್ನು ಹೆಚ್ಚು ಹೊತ್ತು ತೆರೆದಿಡುತ್ತದೆ, ಇಲ್ಲವೇ ಐಎಸ್‌ಒ, ಅಂದರೆ ಬೆಳಕಿಗೆ ಸ್ಪಂದಿಸುವ ಚುರುಕು, ಏರಿಸುತ್ತದೆ. ಮೊದಲನೆಯದರಿಂದ ವಿಮಾನ ಕಲಸಿಹೋಗುತ್ತದೆ. ಎರಡನೆಯದರಿಂದ ಆಕಾಶದ ತುಂಬ ಕಾಳುಕಾಳು. ಸಣ್ಣ ಕ್ಯಾಮೆರಾದಲ್ಲಿ ಚಿತ್ರ ಹಿಡಿಯುವ ಚಿಪ್ಪು, ಅಂದರೆ ಸೆನ್ಸರ್, ಬಹುಪಾಲು ಆರು ಮಿಲಿಮೀಟರ್ ಚಿಲ್ಲರೆ ಅಗಲದ್ದು, ಕಿರುಬೆರಳಿನ ಉಗುರಿನ ಮೇಲೆ ಕೂರುವಂಥದ್ದು. ಅದಕ್ಕೆ ಐಎಸ್‌ಒ 400 ದಾಟಿದರೆ ಕಷ್ಟ.

ಇನ್ನು ಡಿಜಿಟಲ್ ಜೂಮ್. ಜೂಮ್ ಗುಂಡಿ ಎಳೆಯುವಾಗ ಪರದೆಯ ಮೇಲೆ ಒಂದು ಉದ್ದನೆಯ ಪಟ್ಟಿ ಬರುತ್ತದೆ, ನೋಡಿರುತ್ತೀರಿ. ಅದರ ನಡುವೆ ಎಲ್ಲೋ ಒಂದು ಸಣ್ಣ ಗೆರೆ ಇರುತ್ತದೆ. ಅಲ್ಲಿಗೆ ಬಂದಾಗ ಜೂಮ್ ಕ್ಷಣಕಾಲ ತಡೆಯುತ್ತದೆ, ಲೆನ್ಸಿನ ಮೋಟಾರಿನ ಸದ್ದು ನಿಲ್ಲುತ್ತದೆ, ಆಮೇಲೆ ಪಟ್ಟಿ ಮತ್ತೆ ಮುಂದೆ ಓಡುತ್ತದೆ. ಆ ಗೆರೆಯ ಆಚೆಗೆ ಲೆನ್ಸ್ ಒಂದು ಕೂದಲಿನಷ್ಟೂ ಅಲುಗುವುದಿಲ್ಲ. ಕ್ಯಾಮೆರಾ ಚಿತ್ರದ ನಡುಭಾಗವನ್ನು ಕತ್ತರಿಸಿ, ಹಿಗ್ಗಿಸಿ ತೋರಿಸುತ್ತದೆ, ಅಷ್ಟೇ. ನಾಲ್ಕು ಪಟ್ಟು ಡಿಜಿಟಲ್ ಜೂಮ್ ಎಂದರೆ ಅಗಲದಲ್ಲಿ ಕಾಲುಭಾಗ, ಎತ್ತರದಲ್ಲಿ ಕಾಲುಭಾಗ, ಒಟ್ಟು ಹದಿನಾರನೆಯ ಒಂದು ಭಾಗ. ಹದಿನಾರು ಮೆಗಾಪಿಕ್ಸೆಲ್ ಕ್ಯಾಮೆರಾಕ್ಕೆ ದುಡ್ಡು ಕೊಟ್ಟು ಒಂದು ಮೆಗಾಪಿಕ್ಸೆಲ್ ಫೋಟೊ ಮನೆಗೆ ತಂದಿರಿ. ಸ್ಟುಡಿಯೋದಲ್ಲಿ ನಾಲ್ಕು ಇಂಚು, ಆರು ಇಂಚಿನ ಪ್ರಿಂಟ್ ಚೊಕ್ಕವಾಗಿ ತೆಗೆಸಲಿಕ್ಕೂ ಅದು ಸಾಲದು. ಮೊಬೈಲಿನ ನೂರು ಎಕ್ಸ್‌ನಲ್ಲಿ ಬಹುಪಾಲು ಇದೇ. ಕೆಲವು ಮೊಬೈಲುಗಳು ಕಾಣದ ವಿವರವನ್ನು ತಾವೇ ಊಹಿಸಿ ಗೀಚುತ್ತವೆ. ರೆಕ್ಕೆಯ ಅಂಚು ಚಾಕುವಿನಿಂದ ಕೊರೆದಂತೆ ಕಾಣುತ್ತದೆ, ಪಕ್ಕದ ಅಕ್ಷರ ನೋಡಿದರೆ ಯಾವ ಭಾಷೆಯದೂ ಅಲ್ಲ. ಮೆನುಗೆ ಹೋಗಿ ಡಿಜಿಟಲ್ ಜೂಮ್ ಬಂದ್ ಮಾಡಿ, ಮತ್ತೆ ಎಂದೂ ಚಾಲು ಮಾಡಬೇಡಿ.

ಹಾಗಾದರೆ ಜೂಮ್ ಬೇಡವೇ ಎಂದು ಮರುಪ್ರಶ್ನೆ ಬರುತ್ತದೆ. ಬೇಕು, ಆದರೆ ಅಗಲದಿಂದ ಶುರು ಮಾಡಿ. ವಿಮಾನ ಫ್ರೇಮಿನಲ್ಲಿ ಸಿಕ್ಕ ಮೇಲೆ, ಅದರ ಜೊತೆ ತಿರುಗುತ್ತಲೇ, ಬೇಕಷ್ಟೇ ಎಳೆಯಿರಿ. ಎಳೆದು ಹುಡುಕಬೇಡಿ, ಹುಡುಕಿ ಎಳೆಯಿರಿ. ಸಣ್ಣ ಕ್ಯಾಮೆರಾಗಳಲ್ಲಿ ಕಣ್ಣಿಟ್ಟು ನೋಡುವ ಕಿಂಡಿ ಇರುವುದಿಲ್ಲ, ಫೆಬ್ರುವರಿಯ ಬಿಸಿಲಿಗೆ ಪರದೆಯೂ ಕಾಣುವುದಿಲ್ಲ. ಆಗ ಕ್ಯಾಮೆರಾದ ಮೇಲಂಚನ್ನೇ ಗುರಿಕಡ್ಡಿ ಮಾಡಿಕೊಂಡು ಅದರ ಮೇಲಿಂದ ವಿಮಾನ ನೋಡಿ. ಪಟ್ಟಿಯನ್ನು ಕೊರಳಿಗೆ ಹಾಕಿ ಕ್ಯಾಮೆರಾವನ್ನು ಮುಂದಕ್ಕೆ ತಳ್ಳಿ ಬಿಗಿ ಮಾಡಿ ಹಿಡಿದರೆ ಕೈ ನಡುಗುವುದು ಎಷ್ಟೋ ಕಡಿಮೆಯಾಗುತ್ತದೆ.

ಬಟನ್ ಅರ್ಧ ಒತ್ತುವುದನ್ನು ಕಲಿತರೆ ಅರ್ಧ ಕೆಲಸ ಆಯಿತು. ಅರ್ಧ ಒತ್ತಿದಾಗ ಫೋಕಸ್ ಕೂರುತ್ತದೆ, ಹಸಿರು ಚೌಕ ಬರುತ್ತದೆ. ಬೆರಳನ್ನು ಅಲ್ಲೇ ಹಿಡಿದಿಟ್ಟು, ಬೇಕಾದ ಗಳಿಗೆಗೆ ಪೂರ್ತಿ ಒತ್ತಿದರೆ ಚಿತ್ರ ತಕ್ಷಣ ಬೀಳುತ್ತದೆ. ಬರಿಯ ಆಕಾಶದಲ್ಲಿ ಚೌಕ ಹಸಿರಾಗದಿದ್ದರೆ ಅಷ್ಟೇ ದೂರದ ಕಟ್ಟಡವೋ ಮರವೋ ನೋಡಿ ಅರ್ಧ ಒತ್ತಿ, ಹಾಗೇ ಹಿಡಿದು ವಿಮಾನದತ್ತ ತಿರುಗಿ. ಲ್ಯಾಂಡ್‌ಸ್ಕೇಪ್ ಮೋಡ್ ಇದ್ದರೆ ಅದು ಫೋಕಸನ್ನು ದೂರಕ್ಕೆ ಇಡುತ್ತದೆ. ಆಕಾಶ ಬೆಳ್ಳಗಿದ್ದರೆ ವಿಮಾನ ಕಪ್ಪು ಆಕೃತಿಯಾಗಿ ಬರುತ್ತದೆ, ಎಕ್ಸ್‌ಪೋಶರ್ (ಚಿತ್ರದ ಬೆಳಕು) ಹೊಂದಿಸುವಲ್ಲಿ ಪ್ಲಸ್ 0.7 ಅಥವಾ 1 ಇಡಿ. ಫ್ಲಾಶ್ ಬಂದ್ ಮಾಡಿ. ಅದರ ಬೆಳಕು ನಾಲ್ಕಾರು ಮೀಟರ್ ಆಚೆ ಹೋಗುವುದಿಲ್ಲ. ಒಂದರ ಹಿಂದೊಂದು ಚಿತ್ರ ತೆಗೆಯುವ ಬರ್ಸ್ಟ್ ಇದೆಯೆಂದು ಮೊದಲೇ ಒತ್ತಿ ಹಿಡಿಯಬೇಡಿ. ಕೆಲವೇ ಚಿತ್ರಗಳಿಗೆ ಅದರ ಹೊಟ್ಟೆ ತುಂಬಿ, ಕಾರ್ಡಿಗೆ ಬರೆಯುತ್ತ ಕೂತುಬಿಡುತ್ತದೆ, ನೋಡಬೇಕಾದ ತಿರುವು ಅಷ್ಟರಲ್ಲಿ ಮುಗಿದಿರುತ್ತದೆ.

ವಾಯುಪಡೆಯ ಸೂರ್ಯಕಿರಣ ತಂಡ ಬಂದಾಗ ಸಣ್ಣ ಕ್ಯಾಮೆರಾದವರಿಗೆ ಹಬ್ಬ. 1996ರಲ್ಲಿ ಎಚ್‌ಎಎಲ್‌ನ ಕಿರಣ್ ವಿಮಾನಗಳಿಂದ ಶುರುವಾಗಿ ಈಗ ಹಾಕ್ ವಿಮಾನ ಹಾರಿಸುವ, ನಮ್ಮ ಬೀದರಿನ ನೆಲೆಯ ತಂಡ ಅದು. ಒಂಬತ್ತು ಕೆಂಪು-ಬಿಳಿ ವಿಮಾನಗಳು ಕೂಡಿ ಬಂದಾಗ ಅವುಗಳ ಒಟ್ಟು ಅಗಲವೇ ಫ್ರೇಮ್ ತುಂಬುತ್ತದೆ, ದೊಡ್ಡ ಲೆನ್ಸಿನವರು ಆಗ ಹಿಂದೆ ಸರಿಯಲು ಜಾಗ ಹುಡುಕುತ್ತಾರೆ. ಎರಡು ವಿಮಾನ ಎದುರೆದುರು ಬಂದು ದಾಟುವ ಆಟದಲ್ಲಿ ಒಂದನ್ನು ಬೆನ್ನುಹತ್ತಬೇಡಿ. ಅವು ದಾಟುವುದು ಬಹುತೇಕ ಪ್ರದರ್ಶನದ ನಟ್ಟನಡುವೆ, ಧ್ವನಿವರ್ಧಕದಲ್ಲಿ ಮೊದಲೇ ಹೇಳುತ್ತಾರೆ. ಕ್ಯಾಮೆರಾ ಅಲ್ಲಿಗೆ ನೆಟ್ಟು, ಅರ್ಧ ಒತ್ತಿ, ಕಾಯಿರಿ. ವಿಮಾನಗಳು ಹೋದ ಮೇಲೂ ಕ್ಯಾಮೆರಾ ಇಳಿಸಬೇಡಿ. ಹೊಗೆಯ ಗೆರೆ ಇನ್ನೂ ಕೆಲ ಹೊತ್ತು ಆಕಾಶದಲ್ಲಿ ನಿಂತಿರುತ್ತದೆ, ಅದಕ್ಕೆ 24 ಎಂಎಂ ಬೇಕು.

ವಾಯುಪಡೆಯದೇ ಹೆಲಿಕಾಪ್ಟರ್ ತಂಡ ಸಾರಂಗ್‌ನದು ಬೇರೆ ಕಥೆ. ನವಿಲಿನ ಬಣ್ಣದ ಧ್ರುವ್ ಹೆಲಿಕಾಪ್ಟರ್‌ಗಳು ನಿಧಾನ, ಹತ್ತಿರ, ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ವಸ್ತು ಇಲ್ಲ. ಇಲ್ಲಿ ಮಾತ್ರ ಶಟರ್ ವೇಗ ಇಳಿಸಿ. ಜೆಟ್‌ಗೆ ಸೆಕೆಂಡಿನ 1/1000 ಇಟ್ಟಿದ್ದೀರಿ, ಸರಿ. ಅದೇ ಉತ್ಸಾಹದಲ್ಲಿ ಹೆಲಿಕಾಪ್ಟರ್‌ಗೆ 1/2000 ಇಟ್ಟರೆ ನಿಮಿಷಕ್ಕೆ ಸುಮಾರು ಮುನ್ನೂರು ಸುತ್ತು ತಿರುಗುವ ರೆಕ್ಕೆ ಅಷ್ಟು ಹೊತ್ತಿನಲ್ಲಿ ಒಂದು ಡಿಗ್ರಿಯೂ ಸರಿಯುವುದಿಲ್ಲ. ಫೋಟೊದಲ್ಲಿ ಎಂಜಿನ್ ಕೆಟ್ಟು ಬೀಳುತ್ತಿರುವಂತೆ ಕಾಣುತ್ತದೆ. 1/125ಕ್ಕೆ ಅದೇ ರೆಕ್ಕೆ ಹದಿನಾಲ್ಕು ಡಿಗ್ರಿ ಸರಿದು ಬೀಸಣಿಗೆಯ ಮಬ್ಬು ಬರುತ್ತದೆ, ಚಿತ್ರಕ್ಕೆ ಜೀವ ಬರುತ್ತದೆ. ಶಟರ್ ನಾವೇ ಇಡುವ ಸೌಲಭ್ಯ ಇಲ್ಲದ ಕ್ಯಾಮೆರಾ ಆದರೆ ಸ್ಪೋರ್ಟ್ಸ್ ಮೋಡ್ ಬಿಟ್ಟು ಆಟೊಗೆ ಬನ್ನಿ.

ಅಭ್ಯಾಸವಿಲ್ಲದೆ ಬೆಂಗಳೂರಿಗೆ ರಾಣಿ ಚನ್ನಮ್ಮ ಎಕ್ಸ್‌ಪ್ರೆಸ್ ಹತ್ತಬೇಡಿ. ಬೆಳಗಾವಿಯಲ್ಲಿದ್ದವರು ಸಂಜೆ ಕೋಟೆ ಕೆರೆಯ ದಂಡೆಗೆ ಹೋಗಿ. ಅಲ್ಲಿ ಸುತ್ತುವ ಹದ್ದುಗಳು ಪುಕ್ಕಟೆ ಗುರುಗಳು. ಹದ್ದನ್ನು ಅಗಲ ಫ್ರೇಮಿನಲ್ಲಿ ಹಿಡಿದು, ತಿರುಗುತ್ತ ಎಳೆದು, ಕಳೆದುಕೊಳ್ಳದೆ ಒಂದು ಸುತ್ತು ಮುಗಿಸಲು ಬಂದರೆ ಹೆಲಿಕಾಪ್ಟರ್ ನಿಮ್ಮದೇ. ವಿಜಯಪುರದವರಿಗೆ ಗೋಳಗುಮ್ಮಟದ ಸುತ್ತ ಹಾರುವ ಪಾರಿವಾಳಗಳಿವೆ, ಅವು ಇನ್ನೂ ಕಷ್ಟದ ಪಾಠ. ವಿಮಾನವೇ ಬೇಕೆಂದು ಸಾಂಬ್ರಾದ ಕಂಪೌಂಡ್ ಗೋಡೆಯ ಹತ್ತಿರ ಹೋಗಿ ನಿಲ್ಲುವ ವಿಚಾರ ಬೇಡ. ಅದು ವಾಯುಪಡೆಯ ನೆಲೆ, ವಾಯುಸೈನಿಕರಿಗೆ ತರಬೇತಿ ಕೊಡುವ ಜಾಗ. ಫೋಟೊ ತೆಗೆಯಬಾರದು ಎಂಬ ಫಲಕ ಹಾಕಿದ ಕಡೆ ಕ್ಯಾಮೆರಾ ಚೀಲದಲ್ಲೇ ಇರಲಿ.

ಯಾರೂ ಕೇಳದಿದ್ದರೂ ಒಂದು ಮಾತು ಹೇಳಬೇಕು, ಯಾಕೆಂದರೆ ಮೈದಾನದಲ್ಲಿ ಎಲ್ಲರೂ ಇದರಲ್ಲೇ ಸೋಲುತ್ತಾರೆ. ಸದ್ದು ಬಂದ ಕಡೆ ಕ್ಯಾಮೆರಾ ತಿರುಗಿಸಬೇಡಿ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಒಂದು ಕಿಲೋಮೀಟರ್ ದೂರದ ವಿಮಾನದ ಸದ್ದು ನಿಮ್ಮ ಕಿವಿಗೆ ಬರಲು ಮೂರು ಸೆಕೆಂಡು ಬೇಕು. ಅಷ್ಟರಲ್ಲಿ ಗಂಟೆಗೆ 500 ಕಿಲೋಮೀಟರ್ ವೇಗದ ಜೆಟ್ 400 ಮೀಟರ್ ಮುಂದೆ ಹೋಗಿರುತ್ತದೆ. ಕಿವಿ ತೋರಿಸಿದ ಜಾಗದಿಂದ ಅದು ಹೋಗುವ ದಿಕ್ಕಿಗೆ ಇನ್ನೂ ಮುಂದೆ, ಚಾಚಿದ ಕೈಯಲ್ಲಿ ಬೆರಳು ಅಗಲಿಸಿದ ಗೇಣಿನಷ್ಟು ಅಗಲದ ಆಚೆ ಹುಡುಕಿ.

ಇದನ್ನು ಹೇಳಿದ ಕೂಡಲೇ, ರೆಕ್ಕೆಯ ಮೇಲೆ ಬಿಳಿ ಮೋಡ ಬಂತಲ್ಲ, ಅದು ಶಬ್ದದ ಗೋಡೆ ಒಡೆದದ್ದೇ ಅನ್ನುವವರು ಇರುತ್ತಾರೆ. ಅಲ್ಲ. ಜನ ಸೇರಿದ ಪ್ರದರ್ಶನದಲ್ಲಿ ವಿಮಾನಗಳು ಶಬ್ದಕ್ಕಿಂತ ಕಡಿಮೆ ವೇಗದಲ್ಲೇ ಹಾರುತ್ತವೆ. ಗಟ್ಟಿಯಾಗಿ ತಿರುಗುವಾಗ ರೆಕ್ಕೆಯ ಮೇಲೆ ಗಾಳಿಯ ಒತ್ತಡ ಥಟ್ಟನೆ ಇಳಿಯುತ್ತದೆ, ಗಾಳಿ ತಣ್ಣಗಾಗುತ್ತದೆ, ಅದರಲ್ಲಿದ್ದ ತೇವ ಹನಿಯಾಗಿ ಕಾಣುತ್ತದೆ. ಬೆಂಗಳೂರಿನ ಫೆಬ್ರುವರಿ ಮಧ್ಯಾಹ್ನದ ಒಣಗಾಳಿಯಲ್ಲಿ ಅದು ಅಪರೂಪ, ಬೆಳಗಿನ ಹಾರಾಟದಲ್ಲಿ ಸಿಗುವ ಸಾಧ್ಯತೆ ಹೆಚ್ಚು. ಬೆಳಗ್ಗೆ ಇನ್ನೊಂದು ಲಾಭವೂ ಇದೆ: ರನ್‌ವೇ ಕಾದು ಬಿಸಿಗಾಳಿ ಎದ್ದು ಚಿತ್ರ ನಡುಗಿಸುವುದು ಇನ್ನೂ ಶುರುವಾಗಿರುವುದಿಲ್ಲ. ಆ ಬಿಳಿ ಮೋಡ ಬೇಕಿದ್ದರೆ ಮೊದಲ ಹಾರಾಟಕ್ಕೇ ತಯಾರಾಗಿರಿ. ವಿಮಾನ ನೆಟ್ಟಗೆ ಬರುವಾಗ ಬೆರಳು ಅರ್ಧಕ್ಕೆ ಇಟ್ಟುಕೊಂಡು, ಅದು ಒಂದು ರೆಕ್ಕೆ ಕೆಳಗೆ ಮಾಡಿ ಮೈ ವಾಲಿಸಿದ ಗಳಿಗೆಯಲ್ಲಿ ಪೂರ್ತಿ ಒತ್ತಿ. 200 ಎಂಎಂ ಸಾಕು.